ಎರಡು ಹಿಡಿ ಹೆಚ್ಚಿನ ಸಕ್ಕರೆ

ಆ ಬೀದಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಮೊದಲು ನೆನಪಾಗುತ್ತಿದ್ದವಳು ಮೂಲೆಮನೆಯ ಕಿರಿಸೊಸೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ನಾಲ್ಕು ಜನ "ಸಿಸ್ಟರ್, ಒಂದ್ನಿಮಿಷ" ಎಂದು ತಡೆಯುತ್ತಿದ್ದರು. ಕಿಟಕಿ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತ ಹಿರಿಸೊಸೆ ಅದನ್ನೆಲ್ಲ ನೋಡುತ್ತಿದ್ದಳು. ಬೀದಿಯ ಅರ್ಧ ಜನ ಓಡಾಡುತ್ತಿದ್ದುದು ಅವಳು ಹೊಲಿದ ಬಟ್ಟೆಯಲ್ಲೇ. ಆದರೆ ಅವಳನ್ನು ಯಾರಾದರೂ ಮಾತಾಡಿಸಿದರೆ ಒಂದೇ ಪ್ರಶ್ನೆ: "ನನ್ನ ಬಟ್ಟೆ ಆಯ್ತಾ?"

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಎರಡೂವರೆ ವರ್ಷದ ಅವಳ ಸ್ವಂತ ಮಗಳೂ ಚಿಕ್ಕಮ್ಮನ ಕಡೆಗೇ ವಾಲಿದ್ದಳು. ಸದಾ ಏನಾದರೂ ಕಡಿಯುತ್ತಿರುತ್ತಾಳೆಂದು ಎಲ್ಲರೂ ಆ ಮಗುವನ್ನು 'ಇಲಿಮರಿ' ಎನ್ನುತ್ತಿದ್ದರು. ಅಮ್ಮ ಕೊಟ್ಟರೆ ಮುಖ ತಿರುಗಿಸುತ್ತಿದ್ದ ತುತ್ತನ್ನು ಇಲಿಮರಿ ಚಿಕ್ಕಮ್ಮನ ಕೈಯಿಂದ ಗುಳುಂ ಮಾಡುತ್ತಿದ್ದಳು. 'ಅದೇನು ಮೋಡಿ ಮಾಡಿದ್ದಾಳೋ ಮಹಾರಾಯ್ತಿ' ಎಂದು ಹಿರಿಸೊಸೆಯ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಬೆಳಿಗ್ಗೆ ಮಗುವಿಗೆ ಭೇದಿ ಶುರುವಾಯಿತು. ತಿಂಡಿಯ ಹೊತ್ತಿಗೆ ಐದು ಸಲ.

"ನೀರು ಕೊಡ್ಲೇಬೇಡಿ," ಎಂದರು ಅತ್ತೆ. "ಕೊಟ್ಟಷ್ಟೂ ಕೆಳಗೆ ಹೋಗುತ್ತೆ."

"ಹೋಗ್ತಿರೋದು ನೀರೇ ಅತ್ತೆ, ಅದಕ್ಕೇ ವಾಪಸ್ ತುಂಬಿಸ್ಬೇಕು," ಎಂದಳು ಕಿರಿಸೊಸೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಉಪ್ಪು-ಸಕ್ಕರೆ ಬೆರೆತ ಓಆರ್‌ಎಸ್ ಪುಡಿ ಕಲಸಿ, ಚಮಚದಲ್ಲಿ ಕುಡಿಸಿದಳು. ಮಗು ಕುಡಿಯಿತು. "ಅಕ್ಕ, ಪ್ರತಿ ಸಲ ಭೇದಿ ಆದ್ಮೇಲೆ ಅರ್ಧ ಲೋಟ, ನಿಧಾನವಾಗಿ. ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡು. ಊಟನೂ ನಿಲ್ಲಿಸ್ಬೇಡ," ಎಂದು ಹೇಳಿ ಕೆಲಸಕ್ಕೆ ಹೊರಟಳು.

"ಅವಳ ಕೈಯಲ್ಲಿ ಹೇಗೆ ಕುಡೀತು ನೋಡು!" ಎಂದರು ಅತ್ತೆ.

ಆ ಮಾತು ಸೂಜಿಯ ಹಾಗೆ ನಾಟಿತು. ಹಿರಿಸೊಸೆ ಚಮಚ ಹಿಡಿದರೆ ಮಗು ಬಾಯಿ ಬಿಗಿಹಿಡಿದು, "ಚಿಕ್ಕಮ್ಮ ಬೇಕು" ಎಂದು ರಂಪ ಮಾಡಿತು. ಅವಳಿಗೆ ರೇಗಿತು. 'ಇದರಲ್ಲೇನು ಮಹಾ ವಿದ್ಯೆ ಇದೆ? ನಾನೇ ಇದಕ್ಕಿಂತ ಚೆನ್ನಾಗಿ ಮಾಡ್ತೀನಿ' ಎಂದುಕೊಂಡು, ವಾರಗಿತ್ತಿ ಕಲಸಿಟ್ಟಿದ್ದನ್ನು ಅತ್ತೆಗೆ ಕಾಣದಂತೆ ಬಚ್ಚಲಿಗೆ ಸುರಿದಳು. ಅರ್ಧ ಲೀಟರ್ ನೀರಿಗೇ ಇನ್ನೊಂದು ಪೊಟ್ಟಣ ಹರಿದು ಹಾಕಿದಳು. ಮೇಲೆ ಎರಡು ಹಿಡಿ ಸಕ್ಕರೆ.

ಮಗು ಲೋಟ ಬಿಡದೆ ಕುಡಿಯಿತು. "ನೋಡಿದ್ರಾ ಅತ್ತೆ?" ಎಂದವಳ ಮುಖ ಅರಳಿತ್ತು.

ಮಧ್ಯಾಹ್ನದ ಹೊತ್ತಿಗೆ ಭೇದಿ ಬರೀ ನೀರಾಗಿ ಸುರಿಯತೊಡಗಿತು. ಎಂಟು ಸಲವಾದ ಮೇಲೆ ಎಣಿಸುವುದನ್ನೇ ಬಿಟ್ಟಳು. ಮಗುವಿನ ಕಣ್ಣು ಗುಳಿಬಿದ್ದವು. ಅತ್ತರೂ ಕಣ್ಣೀರಿಲ್ಲ, ಬೆಳಗಿನಿಂದ ಉಚ್ಚೆಯಿಲ್ಲ. ಬಾಯಿ ಒಣಗಿ, ಕತ್ತು ವಾಲಿತು. ಹಿರಿಸೊಸೆ ಮಗುವನ್ನು ಅವುಚಿಕೊಂಡು ಅತ್ತೆಯ ಜೊತೆ ಆಟೋ ಹತ್ತಿದಳು.

ವಾರಗಿತ್ತಿ ಕೆಲಸ ಮಾಡುವ ಆಸ್ಪತ್ರೆಗೇ ಬಂದರು; ಸುದ್ದಿ ತಿಳಿದು ಅವಳೂ ಓಡಿಬಂದಳು. ಡಾಕ್ಟರು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿದರು. ಮಡಿಕೆ ಮೆಲ್ಲಗೆ ಇಳಿಯಿತು; ಮೈಯಲ್ಲಿ ನೀರು ಬತ್ತಿದ ಗುರುತು ಅದು. "ಏನು ಕೊಟ್ಟಿದ್ರಿ?"

"ಇವಳೇ ಕಲಸಿಟ್ಟಿದ್ದು," ಎಂದು ಅತ್ತೆ ಕಿರಿಸೊಸೆಯ ಕಡೆ ಕೈ ತೋರಿದರು.

ಡಾಕ್ಟರು ಹುಬ್ಬು ಗಂಟಿಕ್ಕಿ ತಿರುಗಿದರು. "ಸಿಸ್ಟರ್, ಅಳತೆ ಸರಿಯಾಗಿತ್ತಾ?"

ಕಿರಿಸೊಸೆಯ ಮುಖ ಬಿಳಿಚಿಕೊಂಡಿತು. ಹಿರಿಸೊಸೆಯ ಎದೆಯಲ್ಲಿ ಒಂದು ಗಳಿಗೆ ಏನೋ ತಣ್ಣಗಾಯಿತು, ಅದು ಸುಳ್ಳಲ್ಲ. ಇಷ್ಟು ವರ್ಷ ಹೊಗಳಿಸಿಕೊಂಡವಳು ತನ್ನ ಆಸ್ಪತ್ರೆಯವರ ಮುಂದೆಯೇ ತಲೆ ತಗ್ಗಿಸಿ ನಿಂತಿದ್ದಳು. ಸುಮ್ಮನಿದ್ದರೆ ಸಾಕಿತ್ತು. ಅಷ್ಟರಲ್ಲಿ ಮಗು ನರಳಿತು.

"ಅವಳದಲ್ಲ ಡಾಕ್ಟ್ರೇ," ಎಂದಳು. "ಅವಳು ಮಾಡಿದ್ದನ್ನ ನಾನು ಚೆಲ್ಲಿದೆ. ಅರ್ಧ ಲೀಟರಿಗೇ ಪೊಟ್ಟಣ ಹಾಕಿ, ಎರಡು ಹಿಡಿ ಸಕ್ಕರೆ ಸೇರಿಸಿದೆ."

"ಹೇಳಿದ್ದು ಒಳ್ಳೇದಾಯ್ತು," ಎಂದರು ಡಾಕ್ಟರು. "ರಕ್ತದಲ್ಲಿ ಉಪ್ಪು ಎಷ್ಟಿದೆ ನೋಡ್ಬೇಕು. ಅದರ ಮೇಲೆ ಚಿಕಿತ್ಸೆ." ಸ್ವಲ್ಪ ಹೊತ್ತಿನಲ್ಲೇ ಡ್ರಿಪ್ ಹಾಕಿದರು.

ಸಂಜೆ ಮಗುವಿಗೆ ಉಚ್ಚೆಯಾಯಿತು. ಇಬ್ಬರು ಸೊಸೆಯರೂ ಅತ್ತೆಯೂ ಹಾಸಿಗೆಯ ಸುತ್ತ ಕೂತಿದ್ದರು.

"ಸಕ್ಕರೆ ತಾನೆ ಹಾಕಿದ್ದು, ವಿಷ ಅಲ್ವಲ್ಲ," ಎಂದಳು ಹಿರಿಸೊಸೆ ಮೆಲ್ಲಗೆ.

"ಅಕ್ಕ, ನಮ್ಮ ಕರುಳಿನ ಒಳಮೈಯೆಲ್ಲಾ ಕಣ್ಣಿಗೆ ಕಾಣದ ಜೀವಕೋಶಗಳು. ಒಂದೊಂದಕ್ಕೂ ಎಣ್ಣೆ ಪದರದಂಥ ತೆಳು ಹೊದಿಕೆ ಇರುತ್ತೆ. ಉಪ್ಪು, ಸಕ್ಕರೆ ಅದನ್ನ ದಾಟಿ ಹಾಗೇ ನುಗ್ಗೋಕಾಗಲ್ಲ. ಪುಟ್ಟ ಬಾಗಿಲುಗಳಿವೆ. ಅದ್ರಲ್ಲಿ ಒಂದು ಬಾಗಿಲು, ಉಪ್ಪು ಸಕ್ಕರೆ ಎರಡೂ ಜೊತೆಗೆ ಬಂದ್ರೇನೇ ಒಳಗೆ ಬಿಡೋದು. ಭೇದಿ ಆದಾಗ್ಲೂ ಆ ಬಾಗಿಲು ಕೆಲಸ ಮಾಡ್ತಿರುತ್ತೆ. ಅವೆರಡೂ ಒಳಗೆ ಹೋದ್ರೆ, ನೀರು ಅವುಗಳ ಹಿಂದೆನೇ ಹೋಗುತ್ತೆ."

"ಮತ್ತೆ ಜಾಸ್ತಿ ಹಾಕಿದ್ರೆ ಜಾಸ್ತಿ ಹೋಗ್ಬೇಕಲ್ವಾ?"

"ಬಾಗಿಲು ಬಿಡೋದಕ್ಕೂ ಒಂದು ಮಿತಿ ಇದೆ. ಮಿಕ್ಕ ಸಕ್ಕರೆ ಕರುಳಲ್ಲೇ ಉಳಿದು, ಮೈಯೊಳಗಿನ ನೀರನ್ನೇ ಹೊರಗೆ ಎಳೆದುಕೊಳ್ಳುತ್ತೆ."

"ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿದ್ರೆ ನೀರು ಬಿಡುತ್ತಲ್ಲ, ಹಂಗಾ?" ಎಂದರು ಅತ್ತೆ.

"ಹೂಂ ಅತ್ತೆ, ಹಂಗೇ."

"ಅಯ್ಯೋ, ನಾನು ನೀರೇ ಬೇಡ ಅಂದಿದ್ನಲ್ಲೇ!" ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು.

ಹಿರಿಸೊಸೆ ವಾರಗಿತ್ತಿಯ ಮುಖ ನೋಡದೆ ಹೇಳಿದಳು, "ಹೊಟ್ಟೆಕಿಚ್ಚು ಕಣೇ. ಮಗು ನನ್ನ ಕೈಯಲ್ಲಿ ಕುಡೀಲಿ ಅಂತ ಹಂಗೆ ಮಾಡ್ದೆ."

ಕಿರಿಸೊಸೆ ಮಗುವಿನ ಹೊದಿಕೆ ಸರಿಮಾಡಿದಳು. "ನಂಗೆ ಕೋಪ ಇನ್ನೂ ಇಳಿದಿಲ್ಲ ಅಕ್ಕ," ಎಂದಳು. "ಆದ್ರೆ ನೀನು ಬಾಯಿಬಿಟ್ಟೆಯಲ್ಲ, ಅದನ್ನ ಮರೆಯಲ್ಲ." ಆಮೇಲೆ ಹೊಸ ಪೊಟ್ಟಣ ತಂದು ಅವಳ ಕೈಗೇ ಕೊಟ್ಟು, ಬೇರೆ ರೋಗಿಗಳನ್ನು ನೋಡಲು ಹೋದಳು.

ಹಿರಿಸೊಸೆ ಸಾಬೂನಿನಲ್ಲಿ ಕೈ ತೊಳೆದು, ಪೊಟ್ಟಣದ ಮೇಲಿನ ಅಳತೆ ಓದಿ, ಒಂದು ಲೀಟರ್ ನೀರಿಗೆ ಕಲಸಿದಳು. ಮಗು ನಾಲ್ಕು ಚಮಚ ಕುಡಿದು, "ಚಿಕ್ಕಮ್ಮ ಎಲ್ಲಿ?" ಎಂದಿತು. ಅವಳ ಎದೆ ಚುರುಕ್ ಅಂದಿತು. ಆದರೂ ಐದನೆಯ ಚಮಚ ತುಂಬಿದಳು.

ಅಕ್ಕ ತಂಗಿಯರೇ, ಅಣ್ಣಂದಿರೇ, ಮಗುವಿಗೆ ಭೇದಿಯಾದರೆ ನೀರು, ಎದೆಹಾಲು, ಊಟ ಯಾವುದನ್ನೂ ನಿಲ್ಲಿಸಬೇಡಿ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಕಲಸಿ. ರುಚಿಗೆಂದು ಚಿಟಿಕೆ ಸಕ್ಕರೆಯನ್ನೂ ಸೇರಿಸಬೇಡಿ. ಕಲಸಿದ್ದು ಒಂದು ದಿನ ಕಳೆದರೆ ಚೆಲ್ಲಿ, ಹೊಸದು ಮಾಡಿ. ಭೇದಿ ಬೇಗ ಹತೋಟಿಗೆ ಬರಲು ನೆರವಾಗುವ ಜಿಂಕ್ ಮಾತ್ರೆಯ ಬಗ್ಗೆ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಮಂಕಾದರೆ ತಕ್ಷಣ ಆಸ್ಪತ್ರೆಗೆ ಓಡಿ. ಅಲ್ಲಿ ಡಾಕ್ಟರು ಏನು ಕೊಟ್ಟಿರಿ ಎಂದು ಕೇಳಿದಾಗ ನಾಚಿಕೆಪಡದೆ ನಿಜ ಹೇಳಿ. ನಿಮ್ಮ ಮಗು ಉಳಿಯುವುದು ಆ ನಿಜದಿಂದಲೇ ಇರಬಹುದು.