ವಿಲೋಮದ ಪಾಲಕ

ಸೊರೆಲ್ ಎಂಬ ಕಂಪ್ಯೂಟರ್ ಭಾಷೆಯನ್ನು ತಿದ್ದಿ ಬೆಳೆಸುವ ಅಧಿಕಾರ ಒಂಬತ್ತು ಜನರ ಸಮಿತಿಯೊಂದರ ಕೈಯಲ್ಲಿತ್ತು. ಎಂಟು ಮಂದಿ ಯುರೋಪು ಅಮೆರಿಕಗಳಲ್ಲಿ ಚದುರಿದ್ದರು. ಒಂಬತ್ತನೆಯವರು ಭದ್ರಾವತಿಯ ಕಾಗದನಗರದಲ್ಲಿ, ಗಣಿತದ ಮೇಷ್ಟರಾಗಿ ನಿವೃತ್ತರಾದ ಶಿವಶಂಕರಪ್ಪ.

ಆ ಭಾಷೆಯ ಶೀಲವೇ ಬೇರೆ. ಅದರಲ್ಲಿ ಒಮ್ಮೆ ಒಂದು ಹೆಸರಿಗೆ ಕೊಟ್ಟ ಬೆಲೆ ಮತ್ತೆಂದೂ ಬದಲಾಗದು. ಅದೇ ಪ್ರಶ್ನೆಗೆ ಎಂದಿಗೂ ಅದೇ ಉತ್ತರ. ಮಾತು ತಪ್ಪದ ಈ ಗುಣಕ್ಕೇ ಮೇಷ್ಟರು ಮನಸೋತಿದ್ದರು. ಹದಿನಾಲ್ಕು ವರ್ಷಗಳ ಹಿಂದೆ ಅದಕ್ಕೊಂದು ಅಂಗವನ್ನೂ ಜೋಡಿಸಿದ್ದರು, ಅದರ ಹೆಸರು ವಿಲೋಮ. ಟ್ಯಾಂಕಿನಲ್ಲಿ ಹಾಲು ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದರಿಂದ ಎಷ್ಟು ಲೀಟರು ಎಂದು ಲೆಕ್ಕ ಹಾಕುವ ಸೂತ್ರವನ್ನು ಬರೆದರೆ ಸಾಕು, ಲೀಟರಿನಿಂದ ಎತ್ತರಕ್ಕೆ ಹಿಂದಿರುಗುವ ದಾರಿಯನ್ನು ಭಾಷೆಯೇ ಕಂಡುಕೊಳ್ಳುತ್ತಿತ್ತು. ಹೋದ ದಾರಿಯಲ್ಲೇ ಮರಳಿ ಬರಬಹುದೆನ್ನುವುದು ಗಣಿತದಲ್ಲಾದರೂ ನಿಜವಾಗಲಿ ಎಂದು ಅವರು ಆಸೆಪಟ್ಟಿದ್ದರು.

ಈಗ ವಿಲೋಮವನ್ನು ಕಿತ್ತುಹಾಕಬೇಕೆಂಬ ಪ್ರಸ್ತಾವ ಬಂದಿತ್ತು.

ಸಮಿತಿಯಲ್ಲೊಂದು ಪದ್ಧತಿ: ಪ್ರತಿ ಪ್ರಸ್ತಾವಕ್ಕೂ ಸರದಿಯಂತೆ ಒಬ್ಬ ಸದಸ್ಯ ಪಾಲಕನಾಗಬೇಕು, ಪರ ವಿರೋಧಗಳನ್ನು ಪಕ್ಷಪಾತವಿಲ್ಲದೆ ವಿಚಾರಿಸಿ, ಒಪ್ಪಬೇಕೋ ಬಿಡಬೇಕೋ ಎಂದು ಶಿಫಾರಸು ಬರೆಯಬೇಕು. ಸರದಿ ಈ ಸಲ ಶಿವಶಂಕರಪ್ಪನವರದೇ ಆಗಿತ್ತು. "ಇದನ್ನು ಬೇರೆಯವರಿಗೆ ವಹಿಸಲೇ?" ಎಂದು ಕಾರ್ಯದರ್ಶಿ ಸೌಜನ್ಯದಿಂದ ಕೇಳಿದ್ದರು. ತಾವೇ ಪಾಲಕರಾದರೆ ಉಳಿಸಿಕೊಳ್ಳಬಹುದೆಂದು ಮೇಷ್ಟರು ಬೇಡವೆಂದರು.

ಉಳಿಯುವ ದಾರಿ ಒಂದೇ ಇತ್ತು. ನಿರ್ಮಿಸಿದವನದಲ್ಲದ, ಬಳಕೆಯಲ್ಲಿರುವ ಒಂದೇ ಒಂದು ಪ್ರೋಗ್ರಾಮಿನಲ್ಲಿ ಆ ಅಂಗ ಕಂಡುಬಂದರೂ ಅದನ್ನು ಮೂರು ವರ್ಷ ಮುಟ್ಟುವಂತಿಲ್ಲ ಎಂಬುದು ನಿಯಮ. ಪ್ರಸ್ತಾವದ ಕೆಳಗಿನ ಪಟ್ಟಿಯಲ್ಲಿ ಮೂವತ್ತೊಂದು ಪ್ರೋಗ್ರಾಮುಗಳಿದ್ದವು. ಮೂವತ್ತು ಅವರವೇ. ಉಳಿದೊಂದು ಅವರ ಶಿಷ್ಯೆ ಮೇಧಾಳದು. ಹಾಲಿನ ಶೀತಲೀಕರಣ ಕೇಂದ್ರಗಳಿಗಾಗಿ ಶಿವಮೊಗ್ಗದ ರವೀಂದ್ರನಗರದಲ್ಲಿ ಕೂತು ಬರೆದದ್ದು.

"ಇನ್ನು ಮೂರು ವರ್ಷ ಗಟ್ಟಿ," ಎಂದು ಅವರು ಚಪ್ಪಲಿ ಮೆಟ್ಟಿದರು.

"ನಿಮಗೋ, ಅದಕ್ಕೋ?" ಎಂದರು ಹೆಂಡತಿ ಜಗದಾಂಬಾ. "ಆ ಎಂಟು ಜನಕ್ಕೆ ಬರೆಯೋದ್ರಲ್ಲಿ ಕಾಲು ಭಾಗ ನನ್ನ ಹತ್ರ ಮಾತಾಡಿದ್ರೆ ನಾನೂ ಪಾಲಕಿ ಆಗ್ತಿದ್ದೆ. ಛತ್ರಿ ತಗೊಳ್ಳಿ, ಬಿಸಿಲಿದೆ."

ಮೇಧಾಳ ಕಚೇರಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿತ್ತು. ಮೆಟ್ಟಿಲೇರಿ ಬಂದ ಮೇಷ್ಟರನ್ನು ಕಂಡು ಅವಳು ಎದ್ದು ನಿಂತಳು. "ಬರ್ತೀನಿ ಅಂತ ಒಂದು ಫೋನ್ ಮಾಡಬಾರ್ದಾ ಸರ್? ನಾನೇ ಭದ್ರಾವತಿಗೆ ಬರ್ತಿದ್ನಲ್ಲ!"

ಪಕ್ಕದ ಮೇಜಿನಿಂದ ಲೋಹಿತ್ ಎಂಬ ಸಹೋದ್ಯೋಗಿ ಕತ್ತು ತಿರುಗಿಸಿದ. "ಶಿವಶಂಕರಪ್ಪ ಅಂದ್ರೆ ಇವ್ರೇನಾ? ಸೊರೆಲ್ ಕೈಪಿಡಿಯ ಕೊನೇ ಪುಟದಲ್ಲಿ ನಿಮ್ಮ ಹೆಸರು ನೋಡಿದ್ದೆ ಸರ್. ನಾನು, ತಪ್ಪು ತಿಳ್ಕೋಬೇಡಿ, ತೀರಿಕೊಂಡಿರಬೇಕು ಅಂದ್ಕೊಂಡಿದ್ದೆ."

"ಸುಮ್ನಿರೋ ಮಾರಾಯ," ಎಂದು ಮೇಧಾ ಗದರಿದಳು. ಮೇಷ್ಟರು ನಕ್ಕರು. ಅಂದು ಅವರು ನಕ್ಕದ್ದು ಅದೊಂದೇ ಸಲ.

"ವಿಲೋಮ ಎಲ್ಲಿ ಬಳಸಿದೀಯ, ತೋರ್ಸು. ಪಾಲಕನಾಗಿ ನಾನು ಕಣ್ಣಾರೆ ನೋಡ್ಬೇಕು."

ಅವಳು ಕ್ಷಣ ತಡೆದು, ಪರದೆಯ ಮೇಲೆ ಒಂದು ಸಾಲನ್ನು ತೋರಿಸಿದಳು. ಅಂದವಾದ ಸಾಲು. ಲೀಟರು ಕೊಟ್ಟರೆ ಎತ್ತರ. ಮೇಷ್ಟರಿಗೆ ಎದೆ ತುಂಬಿ ಬಂತು. ಆದರೆ ಓದುವ ಅಭ್ಯಾಸ ಅಲ್ಲಿಗೇ ನಿಲ್ಲಲಿಲ್ಲ. ಆ ಎತ್ತರವನ್ನು ಮುಂದಿನ ಯಾವ ಸಾಲು ಕೇಳುತ್ತದೆ ಎಂದು ಬೆರಳಿಟ್ಟುಕೊಂಡು ಕೆಳಗಿಳಿದರು. ಒಂದು ಪುಟ, ಎರಡು ಪುಟ. ಯಾವುದೂ ಕೇಳಿರಲಿಲ್ಲ. ಕೆಳಗೆ ಲೋಹಿತ್ ಬರೆದ ಕೋಷ್ಟಕವೊಂದಿತ್ತು; ಕೆಲಸವೆಲ್ಲ ಅದರಿಂದಲೇ ನಡೆಯುತ್ತಿತ್ತು.

"ಟ್ಯಾಂಕು ಸಾಗಿಸೋವಾಗ ತಗ್ಗು ಬೀಳುತ್ತೆ ಸರ್," ಎಂದ ಲೋಹಿತ್. "ಹೊಟ್ಟೆ ಸೊಟ್ಟ ಆಗಿರುತ್ತೆ. ನಿಮ್ಮ ಸೂತ್ರಕ್ಕೆ ನೆಟ್ಟಗಿರೋ ಟ್ಯಾಂಕು ಮಾತ್ರ ಗೊತ್ತು. ಅದಕ್ಕೇ ಕಡ್ಡಿ ಇಳಿಸಿ ಅಳೆದು ಕೋಷ್ಟಕ ಮಾಡಿದ್ವಿ."

ಸೊರೆಲ್‌ನಲ್ಲಿ ಬೇಡಿಕೆಯಿಲ್ಲದೆ ಯಾವುದೂ ನಡೆಯದು. ಯಾರೂ ಕೇಳದ ಉತ್ತರವನ್ನು ಯಂತ್ರ ಹುಡುಕುವ ಗೋಜಿಗೇ ಹೋಗದು. ಸಾಲು ಬರೆದಲ್ಲೇ ಬಿದ್ದಿರುತ್ತದೆ. ಇದನ್ನು ಮೇಧಾಳಿಗೆ ಕಲಿಸಿದವರೂ ಅವರೇ.

"ಎಷ್ಟು ದಿನದಿಂದ ಇದು ಹೀಗಿದೆ?"

"ಆರು ವರ್ಷ ಆಯ್ತು, ಸರ್."

"ಮತ್ತೆ ಯಾಕೆ ಇಟ್ಟಿದೀಯ?"

ಮೇಧಾ ಮೇಜಿನ ಅಂಚನ್ನು ನೋಡುತ್ತ ಹೇಳಿದಳು: "ವಿಲೋಮ ಯಾರ್ಯಾರು ಬಳಸ್ತಾರೆ ಅಂತ ಪ್ರತಿ ವರ್ಷ ಸಮಿತಿಯ ಪಟ್ಟಿ ಬರುತ್ತಲ್ಲ ಸರ್... ಅದರಲ್ಲಿ ನಿಮ್ಮ ಹೆಸರೊಂದೇ ಇರ್ಬಾರ್ದು ಅನ್ನಿಸ್ತು."

ಶಿವಶಂಕರಪ್ಪನವರ ಕಿವಿ ಕೆಂಪಾಯಿತು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತ ಗಂಟಲು ತಾನಾಗಿಯೇ ಏರಿತು. "ಕೆಲಸವಿಲ್ಲದ ಸಾಲನ್ನ ಒಂದು ದಿನವೂ ಇಟ್ಕೋಬಾರ್ದು ಅಂತ ಕಲಿಸಿದ್ದು ಯಾರಿಗೆ, ಗೋಡೆಗಾ? ಪ್ರೋಗ್ರಾಮು ಅಂದ್ರೆ ಧರ್ಮಛತ್ರ ಅಂದ್ಕೊಂಡ್ಯಾ, ಕೈಲಾಗದವರನ್ನೆಲ್ಲ ಮೂಲೇಲಿ ಮಲಗಿಸೋಕೆ? ನನ್ನ ಶಿಷ್ಯೆ ಅಂತ ಹೇಳ್ಕೋಬೇಡ."

ಲೋಹಿತ್ ಪರದೆಯ ಹಿಂದೆ ಮುಖ ಮರೆಸಿಕೊಂಡ. ಮೇಧಾ "ಕಾಫಿ, ಸರ್..." ಎನ್ನುವಷ್ಟರಲ್ಲಿ ಅವರು ಮೆಟ್ಟಿಲು ಇಳಿಯುತ್ತಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತುಂಗೆಯ ಸೇತುವೆ ದಾಟುವ ತನಕ ಸಿಟ್ಟು ಇತ್ತು. ದಾಟಿದ ಮೇಲೆ ಅದು ಇಳಿದು, ಅದರಡಿಯಲ್ಲಿದ್ದದ್ದು ಕಾಣಿಸಿತು. ಅವರಿಗೆ ವಿಲೋಮ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ನಿಯಮವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿದರು. ಬಳಕೆಯಲ್ಲಿರುವ ಪ್ರೋಗ್ರಾಮಿನಲ್ಲಿ ಕಂಡುಬಂದರೆ ಸಾಕು ಎಂದಷ್ಟೇ ಅದರಲ್ಲಿತ್ತು. ಪ್ರೋಗ್ರಾಮು ಬಳಕೆಯಲ್ಲಿದೆ. ಅಂಗ ಅದರಲ್ಲಿದೆ. ಒಳಗೆ ಅದು ದುಡಿಯುತ್ತದೋ ನಿದ್ರಿಸುತ್ತದೋ ಎಂದು ನಿಯಮ ಕೇಳಿರಲಿಲ್ಲ. ಶಿಷ್ಯೆಯ ದಯೆಯನ್ನು ಒದ್ದು ಬಂದವರು ಈಗ ಅದೇ ದಯೆಗೆ ಕೈಯೊಡ್ಡಬೇಕಿತ್ತು. ಅದಕ್ಕೂ ಮನಸ್ಸು ಸಿದ್ಧವಾಯಿತು. ಮನಸ್ಸು ಇಷ್ಟು ಬೇಗ ಸಿದ್ಧವಾದದ್ದೇ ಅವರಿಗೆ ಅಸಹ್ಯವೆನಿಸಿತು.

ಭದ್ರಾವತಿಯ ನಿಲ್ದಾಣದಲ್ಲಿ ಇಳಿದವರೇ ಫೋನು ಮಾಡಿದರು.

"ಮೇಧಾ, ಸ್ವಲ್ಪ ಜೋರಾಗಿ ಮಾತಾಡ್ಬಿಟ್ಟೆ ಕಣಮ್ಮ. ಆ ಸಾಲು... ಇರ್ಲಿ ಬಿಡು. ಇದ್ರೆ ಏನೂ ತೊಂದ್ರೆ ಇಲ್ಲ."

"ತೆಗೆದುಬಿಟ್ಟೆ ಸರ್. ನೀವು ಮೆಟ್ಟಿಲು ಇಳಿದ ತಕ್ಷಣ. ನೀವು ಹೇಳಿದ್ದು ಸರಿ ಅನ್ನಿಸ್ತು."

ಎದುರಿಗೆ ಕಂಡಕ್ಟರೊಬ್ಬ "ತರೀಕೆರೆ, ಕಡೂರು" ಎಂದು ಕೂಗುತ್ತಿದ್ದ.

"ವಾಪಸ್ ಹಾಕ್ಲಾ ಸರ್? ಒಂದು ನಿಮಿಷದ ಕೆಲಸ."

ಒಂದು ನಿಮಿಷದ ಕೆಲಸವೇ. ಆದರೆ ಯಾವ ಸಾಲನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ತೆಗೆದರು, ಯಾವಾಗ ಹಾಕಿದರು ಎಂಬುದೆಲ್ಲ ಪ್ರೋಗ್ರಾಮಿನ ತಿದ್ದುಪಡಿಗಳ ದಾಖಲೆಯಲ್ಲಿ ಅಳಿಸಲಾಗದಂತೆ ನಿಲ್ಲುತ್ತದೆ. ಪಾಲಕ ಭೇಟಿ ಕೊಟ್ಟ ದಿನವೇ ತೆಗೆದು, ಅಂದೇ ಹಾಕಿದ ಸಾಲನ್ನು ಎಂಟು ಜನ ನೋಡುತ್ತಾರೆ. ಅವಳ ಹೆಸರಿನಲ್ಲಿ ನೋಡುತ್ತಾರೆ.

"ಬೇಡ," ಎಂದರು. ಮೇಷ್ಟರಾಗಿ ಇನ್ನೇನಾದರೂ ಹೇಳಬೇಕಿತ್ತು. "ತೆಗೆದದ್ದು ಒಳ್ಳೇದಾಯ್ತು. ಹಾಗೇ ಮಾಡ್ಬೇಕು."

ಮನೆಗೆ ಬಂದು, ಮುಖ ತೊಳೆದು, ಶಿಫಾರಸು ಬರೆಯಲು ಕೂತರು. ಸೊಟ್ಟಾದ ಟ್ಯಾಂಕಿನ ಉದಾಹರಣೆಯನ್ನೂ ಬಿಡದೆ ಸೇರಿಸಿದರು. ವಿಲೋಮದ ವಿರುದ್ಧ ಅದಕ್ಕಿಂತ ಬಲವಾದ ವಾದ ಆ ಎಂಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊರಗಿನ ಬಳಕೆ: ಇಲ್ಲ. ಶಿಫಾರಸು: ತೆಗೆದುಹಾಕತಕ್ಕದ್ದು.

ಮರುದಿನ ಊಟದ ಹೊತ್ತಿಗೆ ಎಂಟು ಒಪ್ಪಿಗೆಗಳೂ ಬಂದಿದ್ದವು. ಇಷ್ಟು ವರ್ಷಗಳಲ್ಲಿ ಮೇಷ್ಟರು ಬರೆದದ್ದರಲ್ಲೆಲ್ಲ ಇದೇ ಅತ್ಯಂತ ಸ್ಪಷ್ಟವಾದ ಬರಹ ಎಂದು ಕಾರ್ಯದರ್ಶಿ ಪ್ರತ್ಯೇಕವಾಗಿ ಪ್ರಶಂಸೆ ಕಳಿಸಿದ್ದರು.

"ಏನಂತೆ?" ಎಂದರು ಜಗದಾಂಬಾ, ತಟ್ಟೆಗೆ ಸಾರು ಬಡಿಸುತ್ತ.

"ಚೆನ್ನಾಗಿ ಬರೆದಿದೀನಂತೆ," ಎಂದು ಹೇಳಿ ಅವರು ಅನ್ನಕ್ಕೆ ಕೈಹಾಕಿದರು.