ಏಳನೇ ಪತ್ರದ ಒಂದು ಸಾಲು

ನನ್ನ ಗಂಡ ಪ್ರೊಫೆಸರ್ ಲೆಬೆರೆಖ್ಟ್ ಕ್ವಾಂಟ್ ಹಳೆಯ ಗ್ರೀಕ್ ಕವಿಯೊಬ್ಬನ ಮುನ್ನೂರು ಸಾಲುಗಳನ್ನು ಇಪ್ಪತ್ತಾರು ವರ್ಷ ಜಾಲಾಡಿದರು. ಮಠದ ನಕಲುಗಾರರು ನಡುವೆ ತುರುಕಿದ ಸಾಲುಗಳನ್ನು, ಅಂದರೆ ಪ್ರಕ್ಷಿಪ್ತಗಳನ್ನು, ಹಿಡಿದು ಕಂಸದೊಳಗೆ ಕೂಡಿಹಾಕುವುದು ಅವರ ಕಸುಬು. ಮಾರ್ಬುರ್ಗಿನಲ್ಲಿ ಈ ಕೆಲಸಕ್ಕೆ ಅವರನ್ನು ಮೀರಿಸುವವರಿಲ್ಲ. ಕಳೆದ ಈಸ್ಟರ್ ಹೊತ್ತಿಗೆ ಕಂಸದ ಹೊರಗೆ ನಾಲ್ಕೇ ಸಾಲು ಉಳಿದಿದ್ದವು. ಅವುಗಳ ಮೇಲೂ ಅವರಿಗೆ ಅನುಮಾನವಿತ್ತು.

ಈ ಚಟ ಅಡುಗೆಮನೆಗೂ ನುಗ್ಗಿತು. ಚೀಟಿ ಬರೆದು ಸಂತೆಗೆ ಕಳಿಸಿದರೆ ಬರಿಗೈಯಲ್ಲಿ ಬರುತ್ತಿದ್ದರು.

"ಆಲೂಗಡ್ಡೆ ಎಲ್ರೀ?"

"ಎರಡು ಸಲ ಬರೆದಿದ್ಯಲ್ಲ. ಎರಡನೇದು ನಕಲುಗಾರನ ಕೈತಪ್ಪು."

"ಮತ್ತೆ ಮೊದಲನೇದು?"

"ಅದು ಎರಡನೇದನ್ನ ನೋಡಿ ಯಾರೋ ಆಮೇಲೆ ಸೇರಿಸಿದ್ದು."

ನಾನು ನಗುತ್ತಿದ್ದೆ. ನಗು ನಿಂತದ್ದು, ಮದುವೆಗೆ ಮುಂಚೆ ನಾನು ಕಳಿಸಿದ್ದ ಹನ್ನೊಂದು ಪತ್ರಗಳನ್ನು ಅವರು ಮೇಜಿನ ಖಾನೆಯಿಂದ ಹೊರತೆಗೆದ ದಿನ. ಅವನ್ನು ಓದಿ ಮರುಳಾಗಿಯೇ ಅವರು ನನ್ನ ಕೈಹಿಡಿದದ್ದು. ಆದರೆ ಬರೆದವಳು ನನ್ನಕ್ಕ ವಾಲ್ಬುರ್ಗಾ. ಅವಳು ಹೇಳಿಕೊಟ್ಟದ್ದನ್ನು ನಾನು ಕಾಗದಕ್ಕೆ ಇಳಿಸಿದೆ, ಅಷ್ಟೇ.

"ಅಡೆಲ್‌ಗುಂಡೆ, ಇದರಲ್ಲಿ ಬೇರೆ ಯಾರದೋ ಕೈ ಇದೆ," ಎನ್ನುತ್ತಾ ಅವರು ಭೂತಗನ್ನಡಿ ಹಿಡಿದು ಬಾಗಿಲು ಹಾಕಿಕೊಂಡರು.

ಗುಟ್ಟು ರಟ್ಟಾದರೆ ನಾನೂ ಕಂಸದೊಳಗೆ ಹೋಗುವವಳೇ. ಮೂರು ದಿನ ಬಾಗಿಲ ಹೊರಗೆ ಸೂಪ್ ಇಟ್ಟು ಬಂದೆ.

ನಾಲ್ಕನೇ ದಿನ ಅವರು ಕುಣಿಯುತ್ತಾ ಹೊರಬಂದರು.

"ಸಿಕ್ಕಿತು ಕಣೇ! ಎಲ್ಲಾ ಅಪ್ಪಟ ನಿಂದೇ. ಏಳನೇ ಪತ್ರದಲ್ಲಿ ಒಂದೇ ಒಂದು ಸಾಲು ಪ್ರಕ್ಷಿಪ್ತ. ಕೇಳು: 'ನಿಮಗೆ ಕೆಮ್ಮು ಎಂದು ತಿಳಿಯಿತು, ಎದೆಗೆ ಹೆಬ್ಬಾತಿನ ಕೊಬ್ಬು ಸವರಿಕೊಳ್ಳಿ.' ಆತ್ಮ, ನಕ್ಷತ್ರ ಅಂತೆಲ್ಲ ಬರೆದವಳು ಇಂಥ ಕೊಬ್ಬಿನ ಮಾತಾಡ್ತಾಳಾ? ಯಾರೋ ಅಡುಗೆಯವಳು ತುರುಕಿದ್ದಾಳೆ."

ಅಕ್ಕನ ಕಣ್ಣು ತಪ್ಪಿಸಿ ನಾನು ಸೇರಿಸಿದ್ದ ಸಾಲು ಅದು. ಅವರ ಕೆಮ್ಮಿನ ಸುದ್ದಿ ಕೇಳಿ ಅವತ್ತು ನನಗೆ ಊಟ ಸೇರಿರಲಿಲ್ಲ. ಗಂಡಾಂತರ ಕಳೆದಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಆದರೆ ನನ್ನದು ಅಂತಿದ್ದ ಒಂದೇ ಸಾಲು ಯಾರೋ ಅಡುಗೆಯವಳ ಪಾಲಾಗಲು ನಾನು ಬಿಡಲಿಲ್ಲ.

"ಅದೊಂದೇ ರೀ ನಾನು ಬರೆದಿದ್ದು! ಮಿಕ್ಕಿದ್ದೆಲ್ಲ ವಾಲ್ಬುರ್ಗಾದು!"

ಅವರು ಕನಿಕರದಿಂದ ನನ್ನ ಭುಜ ತಟ್ಟಿದರು.

"ಇಂಥದ್ದಕ್ಕೆ ಬರೆದವರ ಮಾತು ಸಾಕ್ಷಿಯಾಗಲ್ಲ ಕಣೇ. ಅವರಿಗೇನು ಗೊತ್ತಿರುತ್ತೆ, ಪಾಪ."

ಆಮೇಲೆ ಕೆಂಪು ಮಸಿ ಅದ್ದಿ, ಆ ಸಾಲಿನ ಎರಡೂ ಬದಿಗೆ ಅಂದವಾಗಿ ಕಂಸ ಹಾಕಿದರು. ಅವರ ಕಣ್ಣು ತುಂಬಿ ಬಂದಿತ್ತು.

"ತಗೋ," ಎಂದು ಪತ್ರವನ್ನು ನನ್ನ ಕೈಗಿಟ್ಟರು. "ಈಗ ಇದು ಪೂರ್ತಿ ನೀನೇ."