ಅರಳಿಮರದ ಬುಡದಲ್ಲಿಟ್ಟ ಪಟ

ಭಾನುವಾರ ಪಾರ್ಕಿಗೆ ಹೋಗಿ ಬಾ ಎಂದು ರುದ್ರೇಶಣ್ಣ ಹೇಳಿದಾಗ ರಂಜಿತಳ ಕೈಯಲ್ಲಿದ್ದ ಗಾಜು ಗೆರೆ ತಪ್ಪಿ ಅಡ್ಡಡ್ಡ ಸೀಳಿತು. ಮೂರು ವರ್ಷದಲ್ಲಿ ಅವಳು ಹೀಗೆ ಗಾಜು ಕೆಡಿಸಿದ್ದು ಅದೇ ಮೊದಲು.

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರುದ್ರೇಶಣ್ಣನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ರಂಜಿತ ಅಲ್ಲಿ ಗಾಜು ಕೊಯ್ಯುತ್ತಾಳೆ, ಮೊಳೆ ಹೊಡೆಯುತ್ತಾಳೆ, ಪಟದ ಬೆನ್ನಿಗೆ ಅಂಗಡಿಯ ಚೀಟಿ ಅಂಟಿಸಿ ಗಿರಾಕಿಯ ಹೆಸರು ಬರೆಯುತ್ತಾಳೆ. ಗಿರಾಕಿಗಳ ಹತ್ತಿರ ಮಾತಾಡುವುದು ಮಾತ್ರ ರುದ್ರೇಶಣ್ಣನ ಪಾಲು. ಅವಳು ತಲೆ ಬಗ್ಗಿಸಿಕೊಂಡೇ ಎಲ್ಲರನ್ನೂ ನೋಡುತ್ತಿರುತ್ತಾಳೆ. ಯಾರು ಪಟವನ್ನು ಎದೆಗವಚಿಕೊಂಡು ತಂದರು, ಯಾರು ಚೀಲದಲ್ಲಿ ತುರುಕಿಕೊಂಡು ತಂದರು ಎಂಬುದೆಲ್ಲ ಅವಳಿಗೆ ನೆನಪಿರುತ್ತದೆ.

ಅವತ್ತು ಬಂದಿದ್ದವರು ಸಂಪತ್ಕುಮಾರ ಮೇಷ್ಟ್ರು. ರಿಟೈರಾದ ಮೇಲೆ ಬಡಾವಣೆಯ ಪಾರ್ಕನ್ನೇ ತಮ್ಮ ಕ್ಲಾಸು ಮಾಡಿಕೊಂಡಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನರನ್ನು ಸೇರಿಸಿ ಕಸ ಗುಡಿಸಿಸುವುದು, ಕಳೆ ಕೀಳಿಸುವುದು, ಗಿಡಗಳಿಗೆ ನೀರು ಬಿಡಿಸುವುದು ಅವರ ಏರ್ಪಾಡು.

"ಬಾಟ್ಲಿ ಎತ್ತುತ್ತಾರೆ, ಗುಟ್ಕಾ ಚೀಟಿ ಎತ್ತುತ್ತಾರೆ ರುದ್ರೇಶ. ಅರಳಿಮರದ ಬುಡದಲ್ಲಿರೋ ದೇವರ ಪಟ ಎತ್ತಿ ಅಂದರೆ ಸಾಕು, ಅಷ್ಟೂ ಜನಕ್ಕೆ ಒಟ್ಟಿಗೆ ಸೊಂಟ ಹಿಡಿದುಕೊಳ್ಳುತ್ತೆ."

"ಅದರ ಗಾಜು ತುಳ್ದೇ ಅಲ್ವಾ ಸಾ, ಗೊಬ್ಬರದಂಗಡಿ ಸಿದ್ದೇಶ್ವರನ ಮಗ್ಳು ಕಾಲು ಕುಯ್ಕಂಡಿದ್ದು?"

"ಮೂರು ಹೊಲಿಗೆ ಬಿತ್ತು ಆ ಮಗುಗೆ. ಅವನು ಕೆಂಡ ಕಾರ್ತಿದಾನೆ. ಒಂದೊಂದು ಪಟದ ಬೆನ್ನೂ ತಿರುಗಿಸಿ ಯಾರ ಮನೆಯದು ಅಂತ ಪತ್ತೆ ಹಚ್ಚಿ, ಅವರ ಮನೆ ಬಾಗಿಲಿಗೇ ಹೋಗ್ತಾನಂತೆ. ಗಾಜಿನ ಕೆಲಸ ಗೊತ್ತಿರೋರು ಒಬ್ಬರನ್ನು ಕಳಿಸಪ್ಪ."

"ನಮ್ ರಂಜಿ ಬತ್ತಾಳೆ ಬುಡಿ ಸಾ."

ಹಿಂದಿನ ಶುಕ್ರವಾರದ ಸಂಗತಿ ರುದ್ರೇಶಣ್ಣನಿಗೆ ಗೊತ್ತಿರಲಿಲ್ಲ. ಮನೆಗೆ ಸುಣ್ಣ ಹೊಡೆಸಲು ಟ್ರಂಕು ಸರಿಸುವಾಗ ಅದರ ಮೂಲೆ ತಗುಲಿ ಲಕ್ಷ್ಮೀಪಟದ ಗಾಜು ಒಡೆದಿತ್ತು. ಬೇರೆ ಗಾಜು ಹಾಕೋಣವೆಂದರೆ ಒಳಗಿನ ಕಾಗದವನ್ನು ಆಗಲೇ ಗೆದ್ದಲು ತಿಂದು, ಲಕ್ಷ್ಮಿಯ ಅರ್ಧ ಮುಖವೇ ಇರಲಿಲ್ಲ. ಅವಳ ತಾಯಿ ಶಾಂತಕುಮಾರಿ, "ಒಡ್ದಿರೋ ದೇವ್ರು ಒಂದು ರಾತ್ರಿನೂ ಮನೇಲಿರ್ಬಾರ್ದು ಕಣವ್ವ, ಪಾರ್ಕಿನ ಅರಳಿಮರದ ತಾವ ಇಟ್ಬುಟ್ಟು ಬಾ," ಎಂದಳು. ರಂಜಿತ ಸಂಜೆ ಪಟವನ್ನು ಸೆರಗಿನಂತೆ ವೇಲಿನಲ್ಲಿ ಮುಚ್ಚಿಕೊಂಡು ಹೋಗಿ, ಬೇರಿಗೆ ಒರಗಿಸಿ, ಯಾರಾದರೂ ನೋಡಿಯಾರೆಂದು ತಿರುಗಿ ನೋಡದೆ ಬಂದಿದ್ದಳು. ಗಾಜು ಬಿಚ್ಚಿಡಲು ಎರಡು ನಿಮಿಷ ಸಾಕಿತ್ತು. ಸಿದ್ದೇಶ್ವರನ ಮಗಳು ಪ್ರೇಕ್ಷಾಳ ಕಾಲು ಕೊಯ್ದದ್ದು ಮಂಗಳವಾರ.

ಆ ಪಟದ ಬೆನ್ನ ಮೇಲೆ ಚೀಟಿ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೇ ಕಟ್ಟು ಹಾಕಿದ ಮೊದಲ ಪಟ ಅದು. ಗಿರಾಕಿಯ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೂ ಹುಟ್ಟೂರನ್ನೂ ದುಂಡಗೆ, ಖುಷಿಯಿಂದ ಬರೆದಿದ್ದಳು: ರಂಜಿತಾ, ದಂಡಿಗನಹಳ್ಳಿ.

ಭಾನುವಾರ ಏಳು ಗಂಟೆಗೆ ಇಕ್ಕಳ, ದಪ್ಪ ಕೈಗವಸು, ಹಳೇ ಪೇಪರಿನ ಕಟ್ಟು ಹಿಡಿದು ಪಾರ್ಕಿಗೆ ಬಂದಳು. ಬೇರೆಯವರೆಲ್ಲ ಆಚೆ ತುದಿಯಲ್ಲಿ ತರಗೆಲೆ ಎಳೆಯುವ ಕೆಲಸವನ್ನು ಆರಿಸಿಕೊಂಡಿದ್ದರು. ಮರದ ಹತ್ತಿರ ಮೇಷ್ಟ್ರು, ಅವರ ಅಕ್ಕ ಅಂಬುಜಮ್ಮ, ಸಿದ್ದೇಶ್ವರ ಇದ್ದರು. ಕಲ್ಲುಬೆಂಚಿನ ಮೇಲೆ ಪ್ರೇಕ್ಷಾ ಕಾಲು ಚಾಚಿ ಕೂತಿದ್ದಳು. ಬ್ಯಾಂಡೇಜಿನ ತುದಿಯಲ್ಲಿ ಮದರಂಗಿ ಹಚ್ಚಿದ ಐದು ಬೆರಳು ಕಾಣುತ್ತಿದ್ದವು.

ರಂಜಿತ ಒಂದೇ ನೋಟಕ್ಕೆ ಗುರುತಿಸಿದಳು. ಮೂರು ಪಟಗಳ ಅಡಿಯಲ್ಲಿ, ಕಂದು ಕಟ್ಟಿನ ಮೂಲೆ.

"ಬಿಚ್ಚಿದ ಮೇಲೆ ಕಾಗದಕ್ಕೇನು ಮಾಡೋದು? ಸುಡೋ ಹಾಗಿಲ್ಲ, ಕಸದ ಗಾಡಿಗೆ ಹಾಕೋ ಹಾಗಿಲ್ಲ," ಎಂದರು ಮೇಷ್ಟ್ರು.

ರಂಜಿತ ಇಕ್ಕಳವನ್ನು ನೋಡಿಕೊಂಡು, "ನೀರಲ್ಲಿ ನೆನೆಸಿದ್ರೆ ಕರಗ್ತದೆ ಸಾ. ಗಿಡಕ್ಕೆ ಹಾಕ್ಬೋದು," ಎಂದಳು.

"ಗಣಪತೀನ ನೀರಿಗೆ ಬಿಡಲ್ವೇ, ಹಾಗೇ! ಹುಡುಗಿಗೆ ಇರೋ ಬುದ್ಧಿ ನಿನಗಿಲ್ಲ ನೋಡು, ಮೂವತ್ತು ವರ್ಷ ಪಾಠ ಮಾಡಿದೆ," ಎಂದು ಅಂಬುಜಮ್ಮ ತಮ್ಮನನ್ನು ತಿವಿದು, ದೊಡ್ಡ ಟಬ್ಬಿನ ನೀರಿಗೆ ಅರಿಸಿನ ಉದುರಿಸಿದರು.

ಕೆಲಸ ಶುರುವಾಯಿತು. ರಂಜಿತ ಮೊಳೆ ಕಿತ್ತು, ಹಿಂದಿನ ಹಲಗೆ ತೆಗೆದು, ಕಾಗದವನ್ನು ಅಂಬುಜಮ್ಮನಿಗೆ ಕೊಡುವಳು. ಅವರು ಕಣ್ಣಿಗೊತ್ತಿಕೊಂಡು ನೀರಿಗೆ ಬಿಡುವರು. ಒಡೆದ ಗಾಜನ್ನು ರಂಜಿತ ಪೇಪರಿನ ಮೇಲೆ ಜೋಡಿಸಿ ನೋಡಿ ಆಮೇಲೆ ಸುತ್ತಿಡುವಳು. ಅದು ರುದ್ರೇಶಣ್ಣ ಮೊದಲ ದಿನವೇ ಕಲಿಸಿದ್ದು: ಚೂರು ಕಮ್ಮಿ ಬಂದರೆ ಅದು ಎಲ್ಲೋ ಬಿದ್ದಿದೆ ಎಂದು ಲೆಕ್ಕ, ಸಿಗುವ ತನಕ ಹುಡುಕಬೇಕು. ಸಿದ್ದೇಶ್ವರ ಒಂದೊಂದು ಹಲಗೆಯನ್ನೂ ತಿರುಗಿಸಿ ಓದುತ್ತಿದ್ದ.

"ಇದು ಹೊಳೆನರಸೀಪುರದ ಅಂಗ್ಡಿದು. ಅಲ್ಲಿಂದ ಬಂದು ಇಲ್ಲಿಟ್ಟೋದ್ರಾ ಸಾ?"

"ಮದುವೇಲಿ ಬಂದಿದ್ದಿರಬೇಕು ಕಣೋ."

"ಇದ್ರಲ್ಲಿ ಹೆಸ್ರೇ ಇಲ್ಲ. ಸಿಗ್ಲಿ ಒಬ್ರು, ಊರೆಲ್ಲ ಕೇಳಂಗೆ ಮಾತಾಡ್ತೀನಿ."

"ಒಬ್ಬ ಸಿಕ್ಕಿದಾನೆ," ಎಂದು ಮೇಷ್ಟ್ರು ಪಟಗಳ ಜೊತೆ ಬಿದ್ದಿದ್ದ ಹಳೇ ಕ್ಯಾಲೆಂಡರುಗಳ ಸುರುಳಿ ಬಿಚ್ಚಿದರು. "ಹನ್ನೊಂದು ಲಕ್ಷ್ಮಿ. ಹನ್ನೊಂದರ ಕೆಳಗೂ ನಿನ್ನ ಗೊಬ್ಬರದಂಗಡಿ ಹೆಸರೇ ಇದೆ."

"ಅಯ್ಯೋ, ಅದು ಗಿರಾಕಿಗೆ ಪುಕ್ಸಟ್ಟೆ ಕೊಟ್ಟಿದ್ದು ಸಾ!"

"ಪುಕ್ಸಟ್ಟೆ ಕೊಟ್ಟೆ, ಎಸೆಯೋದು ಹೇಗೆ ಅಂತ ಹೇಳಿಕೊಟ್ಯಾ?"

ಎಲ್ಲರೂ ನಕ್ಕರು. ರಂಜಿತ ತಲೆ ಎತ್ತದೆ ಇನ್ನೊಂದು ಗಾಜು ಸುತ್ತಿಟ್ಟಳು. ಹದಿನೆಂಟು ಪಟ ಮುಗಿದಿದ್ದವು, ಕೆಲವದರಲ್ಲಿ ಚೂರು ಕಮ್ಮಿ ಎಂದು ಅವಳೇ ಹೇಳಿದ್ದಳು; ಉಳಿದದ್ದು ಅವಳದೊಂದೇ.

ಸಿದ್ದೇಶ್ವರ ಬಕೆಟ್ಟು ಹಿಡಿದು ನಲ್ಲಿಯ ಕಡೆ ಹೋದ. ಮೇಷ್ಟ್ರೂ ಅಂಬುಜಮ್ಮನೂ ಟಬ್ಬಿನ ಕಡೆ ಬಗ್ಗಿದ್ದರು. ರಂಜಿತ ಕಂದು ಕಟ್ಟಿನ ಪಟವನ್ನು ಮೊಣಕಾಲ ಮೇಲೆ ಮಕಾಡೆ ಇಟ್ಟುಕೊಂಡು, ಕೈಗವಸು ಕಳಚಿ, ಚೀಟಿಯ ಮೇಲೆ ಹೆಬ್ಬೆರಳು ಇಟ್ಟಳು. ಇಬ್ಬನಿಗೆ ನೆನೆದ ಚೀಟಿಯ ಮೂಲೆ ತಾನೇ ಎದ್ದಿತ್ತು. ಒಂದು ಸಲ ಎಳೆದರೆ ಪೂರ್ತಿ ಬರುತ್ತಿತ್ತು. ಅಂಗೈಯಲ್ಲಿ ಮುದುರಿದರೆ ಮುಗಿಯಿತು. ಉಗುರು ಅದರ ಕೆಳಗೆ ಹೋಯಿತು.

"ಅಕ್ಕ, ಅದ್ರಲ್ಲಿ ಏನ್ ಬರ್ದೈತೆ?"

ಬೆಂಚಿನ ಮೇಲಿನಿಂದ ಪ್ರೇಕ್ಷಾ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ರಂಜಿತಳ ಕಣ್ಣು ಅವಳ ಬ್ಯಾಂಡೇಜಿನ ಮೇಲೆ ಬಿತ್ತು. ಅಲ್ಲಿಂದ ಕೀಳಲು ಆಗಲಿಲ್ಲ.

"ನನ್ನ ಹೆಸ್ರು."

"ನಿನ್ ಹೆಸ್ರು ಯಾಕೈತೆ?"

"ನಮ್ಮನೇದು. ಅದಕ್ಕೆ."

ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು ದನಿ. ಹಿಂದೆ ಬಕೆಟ್ಟು ನೆಲಕ್ಕೆ ಕೂತ ಸದ್ದಾಯಿತು.

"ಏನಂದೆ?"

"ನಮ್ಮನೇದು ಅಣ್ಣ. ನಾನೇ ತಂದಿಟ್ಟಿದ್ದು. ಗಾಜು ಒಡ್ದಿತ್ತು, ತೆಗೀದೆ ಹಂಗೇ ಇಟ್ಬುಟ್ಟೆ."

"ಗಾಜಿನಂಗ್ಡೀಲಿ ಕೆಲ್ಸ ಮಾಡೋಳು ನೀನು!"

ಐದು ದಿನದಿಂದ ಅವಳು ತನಗೆ ತಾನೇ ಹೇಳಿಕೊಂಡಿದ್ದ ಮಾತು ಅದೇ. ತಲೆ ಎತ್ತಲಾರದೆ, ಕೈಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಮೊಳೆ ಕಿತ್ತಳು. ಹಲಗೆ ತೆಗೆದಳು. ಗೆದ್ದಲು ತಿಂದ ಲಕ್ಷ್ಮಿಯನ್ನು ಪಕ್ಕಕ್ಕಿಟ್ಟಳು. ಗಾಜಿನ ಚೂರುಗಳನ್ನು ಒಂದೊಂದಾಗಿ ಪೇಪರಿನ ಮೇಲೆ ಇಡತೊಡಗಿದಳು. ದೊಡ್ಡದು ಎರಡು. ನಡುವೆ ಚೂಪಾದದ್ದೊಂದು. ಬಲಕ್ಕೆ ಒಂದು. ಎಡಗಡೆಯ ಕೆಳಮೂಲೆ ಖಾಲಿ ಉಳಿಯಿತು.

ಆ ಖಾಲಿ ಮೂಲೆಯನ್ನು ಎಲ್ಲರೂ ನೋಡುತ್ತಿದ್ದರು. ಹೆಬ್ಬೆರಳಿನಷ್ಟು ಜಾಗ. ಮಗುವಿನ ಅಂಗಾಲಿಗೆ ಅಷ್ಟು ಸಾಕು.

ರಂಜಿತ ಕಟ್ಟನ್ನು ಎತ್ತಿ, ಅಂಗಡಿಯಲ್ಲಿ ಮಾಡುವಂತೆ, ಅಂಗೈಗೆ ಒಮ್ಮೆ ಬಡಿದಳು. ಏನೂ ಬೀಳಲಿಲ್ಲ. ಮೂಲೆಯ ಸಂದಿಗೆ ಇಕ್ಕಳದ ತುದಿ ಹಾಕಿ ಮೀಟಿದಳು. ಧೂಳಿನ ಜೊತೆ ಮುಕ್ಕೋನದ ಚೂರೊಂದು ಪೇಪರಿನ ಮೇಲೆ ಟಪ್ಪನೆ ಬಿತ್ತು. ಅದನ್ನು ಎತ್ತಿ ಜಾಗಕ್ಕೆ ತಳ್ಳಿದಳು. ಕೂದಲೆಳೆ ಸಂದಿಯೂ ಇಲ್ಲದೆ ಕೂತಿತು.

"ಪೂರ್ತಿ ಇದೆಯಲ್ಲೋ ಸಿದ್ದೇಶ," ಎಂದರು ಮೇಷ್ಟ್ರು ಮೆಲ್ಲಗೆ. "ಇದರ ಗಾಜು ಇದರಲ್ಲೇ ಇದೆ."

ರಂಜಿತಳಿಗೆ ಆಗ ಕಣ್ಣು ತುಂಬಿ ಬಂತು. ಚೂರುಗಳೆಲ್ಲ ಒಂದಕ್ಕೊಂದು ಸೇರಿ ನೀರಿನಂತೆ ಕಂಡವು.

ಸಿದ್ದೇಶ್ವರ ಕುಕ್ಕರಗಾಲಲ್ಲಿ ಕೂತು ಆ ಗಾಜನ್ನೇ ನೋಡಿದ. "ಹಂಗಾರೆ ಯಾವ್ದು ಸಾ?"

ಅಂಬುಜಮ್ಮ ಕೆಮ್ಮಿದರು. "ಆ ಮೂಲೇಲಿ ಸುತ್ತಿಟ್ಟಿದೀಯಲ್ಲಮ್ಮ, ಸತ್ಯನಾರಾಯಣನ ಪಟದ ಗಾಜು. ಅದರಲ್ಲಿ ಒಂದು ಚೂರು ಕಮ್ಮಿ ಅಂದೆಯಲ್ಲ?"

"ಹೂಂ ಅಮ್ಮ."

"ಅದು ನಮ್ಮನೇದು."

"ಅಕ್ಕಾ!" ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಜಾರಿತು. "ನಮ್ಮನೇದಾ? ನನಗೆ ಹೇಳಲೇ ಇಲ್ಲ!"

"ಹೆಂಗೋ ಹೇಳಲಿ? ನೀನು ಹಾದೀಲಿ ಬೀದೀಲಿ ನಿಂತು ಪಾರ್ಕು ಪಾರ್ಕು ಅಂತ ಭಾಷಣ ಮಾಡ್ತಿದ್ದೆ. ವಾಕಿಂಗ್ ಅಂದುಕೊಂಡು ಬಂದು ಇಟ್ಟು ಹೋದೆ." ಅಂಬುಜಮ್ಮ ಪ್ರೇಕ್ಷಾಳ ಪಕ್ಕ ಕೂತು ಅವಳ ತಲೆ ಸವರಿದರು. "ತಪ್ಪಾಯ್ತು ಪುಟ್ಟೀ."

ಹತ್ತೊಂಬತ್ತು ಪಟಗಳಲ್ಲಿ ಏಳರ ಗಾಜು ಪೂರ್ತಿ ಇರಲಿಲ್ಲ. ಯಾವುದರ ಚೂರು ಮಗುವಿನ ಕಾಲಿಗೆ ಹೋಯಿತೋ ಆ ಲಕ್ಷ್ಮಿಗೂ ಸತ್ಯನಾರಾಯಣನಿಗೂ ಗೊತ್ತಿರಲಾರದು. ಸಿದ್ದೇಶ್ವರ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಯಾರ್ನ ಅಂತ ಬಯ್ಯಾನ ಸಾ? ಅಮ್ಮಾವ್ರನ್ನ ಬಯ್ಯಕ್ಕಾಯ್ತದಾ? ಅವ್ರ ಕೈಲಿ ಪುಳಿಯೋಗರೆ ತಿಂದಿವ್ನಿ." ಆಮೇಲೆ ರಂಜಿತಳ ಕಡೆ ತಿರುಗಿದ. ದನಿ ಇಳಿದಿತ್ತು. "ನೀನು ಆ ಚೀಟಿ ಕಿತ್ತಾಕ್ಬೋದಿತ್ತು ಕಣವ್ವ. ನಲ್ಲಿ ತಾವ್ಲಿಂದ ನೋಡ್ತಾನೇ ಇದ್ದೆ. ಬುಡು, ಬುಡು, ಅಳ್ಬೇಡ. ಉಳ್ದಿರೋ ಚೂರು ಹುಡ್ಕಾನ ಬಾ."

ಹತ್ತು ಗಂಟೆಯವರೆಗೆ ಅವರು ಬೇರುಗಳ ನಡುವಿನ ಮಣ್ಣನ್ನು ಜರಡಿ ಹಿಡಿದರು. ಆಚೆ ತುದಿಯವರೂ ಒಬ್ಬೊಬ್ಬರಾಗಿ ಬಂದು ಸೇರಿದರು, ಸೊಂಟನೋವು ಯಾರಿಗೂ ನೆನಪಾಗಲಿಲ್ಲ. ಅರಿಸಿನದ ನೀರಿನಲ್ಲಿ ಕಾಗದಗಳು ಮೆತ್ತಗಾಗಿ ಬಣ್ಣ ಬಿಡುತ್ತಿದ್ದವು. ಇನ್ನೆರಡು ದಿನ ನೆನೆಯಲಿ, ಆಮೇಲೆ ದಾಸವಾಳದ ಬುಡಕ್ಕೆ ಹಾಕೋಣ ಎಂದರು ಅಂಬುಜಮ್ಮ. ಹೊರಡುವಾಗ ಮೇಷ್ಟ್ರು, "ಮುಂದಿನ ಭಾನುವಾರದಿಂದ ಯಾರೇ ಪಟ ತಂದರೂ ನಿನ್ನ ಕೈಗೇ ಕೊಡಲಿ ಅಂತ ಬೋರ್ಡು ಹಾಕಿಸ್ತೀನಿ. ಬರ್ತೀಯೇನಮ್ಮ?" ಎಂದರು. ರಂಜಿತ ತಲೆಯಾಡಿಸಿ, ಅದು ಸಾಲದೆನಿಸಿ, "ಬತ್ತೀನಿ ಸಾ," ಎಂದಳು.

ಮನೆಯಲ್ಲಿ ಶಾಂತಕುಮಾರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಲೆಯ ಮೇಲೆ ಇಟ್ಟಿದ್ದ ಉಪ್ಪಿಟ್ಟು ಆರಿತ್ತು, ಅವಳು ಬಾಯಿಗೆ ಹಾಕಿಕೊಂಡಿರಲಿಲ್ಲ. ಮಂಗಳವಾರದಿಂದ ಅವಳೂ ಸರಿಯಾಗಿ ಉಂಡಿಲ್ಲವೆಂಬುದು ರಂಜಿತಳಿಗೆ ಗೊತ್ತಿತ್ತು. ಇಬ್ಬರೂ ಆ ವಿಷಯ ಎತ್ತಿರಲಿಲ್ಲ, ಅಷ್ಟೇ.

"ಗೊತ್ತಾಯ್ತಾ?" ಎಂದಳು ತಾಯಿ.

"ಹೂಂ, ನಾನೇ ಹೇಳ್ದೆ." ರಂಜಿತ ಚಪ್ಪಲಿ ಬಿಟ್ಟು ಒಳಗೆ ಬಂದಳು. "ನಮ್ ಗಾಜು ಪೂರ್ತಿ ಇತ್ತು ಕಣವ್ವ. ಒಂದು ಚೂರೂ ಆಚೆ ಬಿದ್ದಿರ್ಲಿಲ್ಲ."

ಶಾಂತಕುಮಾರಿ ಹೊಸ್ತಿಲ ಮೇಲೆ ಕೂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಉಪ್ಪಿಟ್ಟು ಬಿಸಿ ಮಾಡು. ನಂಗೂ ಇಕ್ಕು," ಎಂದಳು.